ಧಾರವಾಡದಲ್ಲಿ ನಾವು, ಸಾಗರದಲ್ಲಿ ಚುಕ್ಕಿ

ಮನೆಗೆ ಬೀಗ ಹಾಕಿ ಪರವೂರಿಗೆ ಹೊರಡುವವರಿಗೆ ನೂರೆಂಟು ಚಿಂತೆ. ಗ್ಯಾಸ್ ಆರಿಸಿದೆವೇ, ನಲ್ಲಿ ನಿಲ್ಲಿಸಿದೆವೇ, ಹಿತ್ತಿಲ ಬಾಗಿಲ ಅಗಳಿ ಹಾಕಿದೆವೇ ಎಂದು ಬಸ್ ನಿಲ್ದಾಣದವರೆಗೂ ಬೆನ್ನು ಬಿಡದ ಪ್ರಶ್ನೆಗಳು. ಕಳೆದ ಮಳೆಗಾಲದಲ್ಲಿ ನಾವು ಮೂವರು ಸಾಗರದಿಂದ ಧಾರವಾಡಕ್ಕೆ ಹೊರಟಾಗ ಇವೆಲ್ಲಕ್ಕಿಂತ ದೊಡ್ಡದೊಂದು ಚಿಂತೆ ಕಿಟಕಿಯ ಸರಳಿನ ಹಿಂದೆ ಕೂತು ನಮ್ಮನ್ನೇ ನೋಡುತ್ತಿತ್ತು. ಅದರ ಹೆಸರು ಚುಕ್ಕಿ. ಬಿಳಿ ಮೈ, ಬೆನ್ನ ಮೇಲೆ ಮೂರು ಕಪ್ಪು ಮಚ್ಚೆ, ಐದು ವರ್ಷದ ಹೆಣ್ಣು ಬೆಕ್ಕು.

ಹೊರಟದ್ದು ಮಗಳನ್ನು ಕಾಲೇಜಿಗೆ ಸೇರಿಸಲು. ಪಿಯುಸಿ ಮುಗಿಸಿದ ಅವಳಿಗೆ ಧಾರವಾಡದಲ್ಲಿ ಪದವಿಗೆ ಸೀಟು ಸಿಕ್ಕಿತ್ತು. ಭಾನುವಾರ ಹೋಗಿ, ಸೋಮವಾರ ಕಾಲೇಜು ಮತ್ತು ಹಾಸ್ಟೆಲಿನ ಕೆಲಸ ಮುಗಿಸಿ, ಮಂಗಳವಾರ ನಾನೂ ನನ್ನ ಹೆಂಡತಿಯೂ ಮರಳುವುದೆಂದು ಲೆಕ್ಕ. ನಮಗೆ ಇದು ಮೂರು ದಿನದ ಪ್ರವಾಸ. ಚುಕ್ಕಿಗೆ ಹಾಗಲ್ಲ. ಅದನ್ನು ಚರಂಡಿಯ ಪಕ್ಕದಿಂದ ಅಂಗೈಯಲ್ಲಿ ಎತ್ತಿ ತಂದವಳು, ಐದು ವರ್ಷ ತನ್ನ ಹಾಸಿಗೆಯಲ್ಲಿ ಮಲಗಿಸಿಕೊಂಡವಳು, ಈ ಬಾರಿ ಹೋದರೆ ದಸರಾ ರಜೆಗೇ ಬರುವವಳು.

ಬೆಳಗಿನ ಬಸ್ಸು ಸಿದ್ದಾಪುರ ದಾಟಿ ಶಿರಸಿಯತ್ತ ಹೋಗುವಾಗ ಕಿಟಕಿಯಾಚೆ ಅಡಿಕೆ ತೋಟಗಳ ಮೇಲೆ ಮಳೆ ಜಡಿಯುತ್ತಿತ್ತು. ಮಗಳು ಮೊಬೈಲಿನಲ್ಲಿ ಚುಕ್ಕಿಯ ಫೋಟೋ ನೋಡುತ್ತಾ ಕೂತಿದ್ದಳು. “ಅಪ್ಪಾ, ಬಾದಾಮಿಗೆ ಹೋದಾಗ ಆದ ಹಾಗೆ ಆಗಲ್ಲ ತಾನೇ?” ಎಂದು ಒಮ್ಮೆ ಕೇಳಿದಳು. “ಇಲ್ಲ ಮಗಾ, ಈ ಸಲ ಎಲ್ಲಾ ಮಾಡಿದ್ದೇವಲ್ಲ” ಎಂದೆ.

ಬಾದಾಮಿಯ ಕತೆ ಹೇಳಿಬಿಡುವುದು ಒಳ್ಳೆಯದು. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ನಾಲ್ಕು ದಿನ ಹೋಗಿದ್ದೆವು. ಬೆಕ್ಕು ಯಾರ ಹಂಗಿಲ್ಲದ ಪ್ರಾಣಿ, ಹೊಟ್ಟೆಗಿದ್ದರೆ ಸಾಕು ಎಂಬ ನಂಬಿಕೆ ನನ್ನದು. ಒಂದು ದೊಡ್ಡ ಬೋಗುಣಿಯಲ್ಲಿ ಒಣ ಆಹಾರ, ಇನ್ನೊಂದರಲ್ಲಿ ನೀರು ಇಟ್ಟು ಬೀಗ ಹಾಕಿದೆ. ಮರಳಿ ಬಂದಾಗ ಮಗಳ ಹಾಸಿಗೆಯ ಮೇಲೆ ಮೂತ್ರ. ಪರದೆ ಹರಿದಿತ್ತು. ಬೋಗುಣಿ ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. ಚುಕ್ಕಿ ತನ್ನ ಹೊಟ್ಟೆಯ ಮೇಲಿನ ಕೂದಲನ್ನು ನೆಕ್ಕಿ ನೆಕ್ಕಿ ಅಂಗೈ ಅಗಲ ಬೋಳು ಮಾಡಿಕೊಂಡಿತ್ತು. ಹಾಸಿಗೆ ಕೆಡಿಸಿದ್ದಕ್ಕೆ ನಾನು ಗದರಿದೆ. ಅದು ಎರಡು ದಿನ ನನ್ನ ಹತ್ತಿರ ಸುಳಿಯಲಿಲ್ಲ.

ಪಶುವೈದ್ಯರು ಚುಕ್ಕಿಯನ್ನು ಪರೀಕ್ಷಿಸಿ, ಆಮೇಲೆ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. “ಮಾಸ್ತರೇ, ಅದು ಸೇಡಿಗೆ ಮಾಡಿದ್ದಲ್ಲ. ಹೆದರಿಕೆಯಲ್ಲಿ ಮಾಡಿದ್ದು. ನಿಮ್ಮ ವಾಸನೆ ಹೆಚ್ಚಿರುವ ಜಾಗದಲ್ಲಿ ತನ್ನ ವಾಸನೆ ಬೆರೆಸಿಕೊಂಡು ಸಮಾಧಾನ ಪಡಲು ನೋಡಿದೆ. ಇದಕ್ಕೆ ಅಗಲಿಕೆಯ ಆತಂಕ ಅಂತೀವಿ. ಬೈದರೆ ಜಾಸ್ತಿಯಾಗುತ್ತೆ, ಕಡಿಮೆಯಾಗಲ್ಲ.” ಬೆಕ್ಕಿನ ಕೆನ್ನೆ, ಗಲ್ಲ, ಪಾದಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಅದು ನಮ್ಮ ಕಾಲಿಗೆ, ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ ಕೆನ್ನೆ ಉಜ್ಜುವುದು ಮುದ್ದಿಗೆ ಮಾತ್ರವಲ್ಲ. ಇದು ನನ್ನದು, ಇಲ್ಲಿ ಭಯವಿಲ್ಲ ಎಂದು ಬರೆದಿಡುವ ರೀತಿ ಅದು. ಹೊತ್ತು ಹೊತ್ತಿಗೆ ಊಟ, ಪರಿಚಿತ ಜಾಗ, ಪರಿಚಿತ ವಾಸನೆ, ಈ ಮೂರೂ ಉಳಿದರೆ ಹೆಚ್ಚಿನ ಬೆಕ್ಕುಗಳು ಕೆಲವು ದಿನದ ಅಗಲಿಕೆಯನ್ನು ತಾಳಿಕೊಳ್ಳುತ್ತವೆ ಎಂದರು. ಹಾಗಾಗಿಯೇ ಬೆಕ್ಕನ್ನು ನೆಂಟರ ಮನೆಗೆ ಸಾಗಿಸುವುದಕ್ಕಿಂತ, ಅದರ ಮನೆಗೇ ಒಬ್ಬರು ಬಂದು ಹೋಗುವ ಏರ್ಪಾಡು ಮೇಲು. ಹೊಸ ಮನೆಗೆ ಹೋದ ಬೆಕ್ಕು ಹಂಚಿನ ಸಂದಿನಲ್ಲಿ ನುಸುಳಿ ತನ್ನ ಮನೆ ಹುಡುಕಿಕೊಂಡು ಹೊರಟುಬಿಡುವುದೂ ಉಂಟು.

ಈ ಬಾರಿ ಆ ಮಾತನ್ನೆಲ್ಲ ಪಾಲಿಸಿದ್ದೆವು. ಎದುರುಮನೆಯ ಅಜ್ಜಿಯ ಮೊಮ್ಮಗ, ಒಂಬತ್ತನೇ ತರಗತಿಯ ಹುಡುಗ, ಬೆಳಿಗ್ಗೆ ಏಳಕ್ಕೂ ಸಂಜೆ ಆರಕ್ಕೂ ಬಂದು ಹೋಗಲು ಒಪ್ಪಿದ್ದ. ಹದಿನೈದು ದಿನ ಮೊದಲೇ ಅವನಿಗೂ ಚುಕ್ಕಿಗೂ ಪರಿಚಯ ಮಾಡಿಸಿದೆವು. ಮೊದಲ ದಿನ ಅವನು ಎತ್ತಿಕೊಳ್ಳಲು ಹೋಗಿ ಪರಚಿಸಿಕೊಂಡ. “ಹಿಡಿಯೋಕೆ ಹೋಗಬೇಡ ಪುಟ್ಟಾ, ನೆಲದ ಮೇಲೆ ಸುಮ್ಮನೆ ಕೂತುಕೋ. ಅದರ ಕಡೆ ನೋಡಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆ” ಎಂದು ಮಗಳು ಹೇಳಿಕೊಟ್ಟಳು. ಇದು ತಮಾಷೆಯಲ್ಲ. ನಿಧಾನವಾಗಿ ಕಣ್ಣು ಮಿಟುಕಿಸುವ ಅಪರಿಚಿತರ ಬಳಿಗೆ ಬೆಕ್ಕುಗಳು ಹೆಚ್ಚಾಗಿ ಬರುತ್ತವೆ ಎಂದು 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ್ದಾರೆ. ನಾಲ್ಕನೆಯ ದಿನಕ್ಕೆ ಚುಕ್ಕಿ ಹುಡುಗನ ಚೀಲ ಮೂಸಿತು. ಹತ್ತನೆಯ ದಿನಕ್ಕೆ ಅವನ ಕೈಯಿಂದ ಮೀನು ತಿಂದಿತು.

ಪ್ರಯಾಣದ ಚೀಲಗಳನ್ನು ಒಂದು ವಾರ ಮೊದಲೇ ಅಟ್ಟದಿಂದ ಇಳಿಸಿ ಜಗಲಿಯಲ್ಲಿಟ್ಟೆವು. ಚೀಲ ಕಂಡ ತಕ್ಷಣ ಮನೆಯವರು ಮಾಯವಾಗುತ್ತಾರೆ ಎಂಬುದನ್ನು ಬೆಕ್ಕು ಬೇಗ ಕಲಿಯುತ್ತದೆ. ಚೀಲ ದಿನವೂ ಅಲ್ಲೇ ಬಿದ್ದಿದ್ದರೆ ಅದರ ಭಯ ಕಡಿಮೆ. ಮೊದಲು ಅರ್ಧ ದಿನ, ಆಮೇಲೆ ಒಂದು ಹಗಲು ಪೂರ್ತಿ ಬೀಗ ಹಾಕಿ ಹೋಗಿ ಅಭ್ಯಾಸವನ್ನೂ ಮಾಡಿಸಿದೆವು. ಹೊರಡುವಾಗ ಅಪ್ಪಿ ಅತ್ತು ದೊಡ್ಡ ವಿದಾಯ ಹೇಳಬಾರದೆಂದು ಮಗಳಿಗೆ ತಾಕೀತು ಮಾಡಿದ್ದೆ. ಅದೊಂದನ್ನು ಮಾತ್ರ ಅವಳು ಪಾಲಿಸಲಿಲ್ಲ.

ಮುಂಡಗೋಡು ಬರುವಾಗ ಮಳೆ ತೆಳುವಾಯಿತು. 1966ರಲ್ಲಿ ಇಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಆರಂಭವಾಯಿತು. ಕೆಂಪು ವಸ್ತ್ರದ ಇಬ್ಬರು ಸನ್ಯಾಸಿಗಳು ಬಸ್ಸು ಹತ್ತಿ ನಮ್ಮ ಮುಂದಿನ ಸೀಟಿನಲ್ಲಿ ಕೂತರು. ಕಾಡು ಹಿಂದೆ ಸರಿದು ಹೊಲಗಳು ಅಗಲವಾದವು. ಹುಬ್ಬಳ್ಳಿ ಹತ್ತಿರವಾದಂತೆ ಮಣ್ಣಿನ ಬಣ್ಣ ಕಪ್ಪಾಯಿತು, ಮಾತಿನ ಧಾಟಿಯೂ ಬೇರೆಯಾಯಿತು. “ಸರದು ಕೂಡ್ರಿ ಅಕ್ಕಾರ” ಎಂದು ಹೊಸದಾಗಿ ಹತ್ತಿದ ಹೆಂಗಸು ನನ್ನ ಹೆಂಡತಿಗೆ ಹೇಳಿದಾಗ ಮಗಳು ಮೊದಲ ಸಲ ನಕ್ಕಳು. ಸುಮಾರು 200 ಕಿ.ಮೀ. ದಾರಿ. ಧಾರವಾಡದಲ್ಲಿ ಇಳಿದಾಗ ಮಧ್ಯಾಹ್ನ ಕಳೆದಿತ್ತು.

ಧಾರವಾಡ ವಿದ್ಯಾರ್ಥಿಗಳ ಊರು. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಬಂದ ಕೃಷಿ ವಿಶ್ವವಿದ್ಯಾಲಯ, ಹೀಗೆ ಓದಿನ ನೆಲೆಗಳು ಊರ ತುಂಬ. ಸಪ್ತಾಪುರದ ಬೀದಿಗಳಲ್ಲಿ ನಡೆದರೆ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಯ ಫಲಕಗಳು, ಖಾನಾವಳಿಗಳು, ಝೆರಾಕ್ಸ್ ಅಂಗಡಿಗಳು, ಬಾಡಿಗೆ ಕೋಣೆಗಳು. ಎಲ್ಲೆಡೆ ಮನೆ ಬಿಟ್ಟು ಬಂದ ಮಕ್ಕಳು. ಸಂಜೆ ಒಂದು ಚಹಾ ಅಂಗಡಿಯ ಮುಂದೆ ನಿಂತಿದ್ದಾಗ ನಾಲ್ಕಾರು ಹುಡುಗಿಯರು ಮೊಬೈಲಿನಲ್ಲಿ ಮನೆಗೆ ಮಾತಾಡುತ್ತಿದ್ದರು. “ಊಟ ಆತೇನವ್ವಾ?” ಎಂಬ ಒಂದೇ ಪ್ರಶ್ನೆ ಅವರೆಲ್ಲರ ಬಾಯಲ್ಲಿ.

ನಮ್ಮ ಪ್ರಶ್ನೆಯೂ ಅದೇ. ಆರೂವರೆಗೆ ಹುಡುಗನಿಗೆ ಫೋನು ಮಾಡಿದೆವು. “ಬೆಳಗಿನ ಊಟ ಹಾಗೇ ಇದೆ ಮಾವಾ. ಈಗ ಇಟ್ಟದ್ದನ್ನೂ ಮೂಸಿ ಬಿಟ್ಟಿತು” ಎಂದ. ಮೊದಲ ದಿನ ಹೀಗಾಗುವುದು ಸಹಜ ಎಂದು ಮಗಳಿಗೆ ಹೇಳಿದೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಅದೇ ಉತ್ತರ. ಜೊತೆಗೆ ಎದುರುಮನೆಯ ಅಜ್ಜಿಯ ದನಿ: “ರಾತ್ರಿಯೆಲ್ಲ ಕೂಗ್ತಿತ್ತಪ್ಪಾ. ನಮ್ಮನೆಗೇ ಕೇಳ್ತಿತ್ತು.”

ಹಿಂದಿನ ದಿನ ಬೆಳಿಗ್ಗೆ ಐದಕ್ಕೆ ತಿಂದದ್ದೇ ಕೊನೆ. ಇಪ್ಪತ್ತಾರು ಗಂಟೆಯಾಗಿತ್ತು. ಮನುಷ್ಯರು ಒಂದೆರಡು ದಿನ ಉಪವಾಸವಿದ್ದರೆ ದೊಡ್ಡ ಅಪಾಯವಿಲ್ಲ. ಬೆಕ್ಕಿನ ದೇಹ ಹಾಗಲ್ಲ. ಕೆಲವು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ಶೇಖರವಾಗುತ್ತದೆ, ಯಕೃತ್ತೇ ಕೆಲಸ ನಿಲ್ಲಿಸುವ ಸ್ಥಿತಿಗೆ ಬರುತ್ತದೆ. ಮೈತುಂಬಿದ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ಚುಕ್ಕಿ ತೆಳ್ಳಗೇನೂ ಇರಲಿಲ್ಲ.

ಹತ್ತು ಗಂಟೆಗೆ ಕಾಲೇಜಿನಲ್ಲಿ ದಾಖಲೆ ಪರಿಶೀಲನೆ. ಲಾಡ್ಜಿನ ಕೋಣೆಯಲ್ಲಿ ಮಗಳು ಮಂಚದ ತುದಿಗೆ ಕೂತು ಅಳತೊಡಗಿದಳು. “ನಂಗೆ ಈ ಸೀಟೇ ಬೇಡ ಅಪ್ಪಾ. ಊರಿಗೆ ಹೋಗೋಣ. ಸಾಗರದಲ್ಲೇ ಓದ್ತೀನಿ.” ಒಂದು ಬೆಕ್ಕಿಗಾಗಿ ಸೀಟು ಬಿಡುವುದೇ ಎಂದು ಗದರಿಸುವ ಮಾತು ನನ್ನ ಬಾಯಿಗೆ ಬಂದಿತ್ತು. ಹೆಂಡತಿ ಕಣ್ಣಲ್ಲೇ ತಡೆದಳು. ಅಳು ಬೆಕ್ಕಿನದೊಂದೇ ಅಲ್ಲ ಎಂದು ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಹೊಸ ಊರು, ಹೊಸ ಕೋಣೆ, ಗುರುತಿಲ್ಲದ ಮುಖಗಳು. ಬಾದಾಮಿಯಿಂದ ಬಂದ ದಿನ ಬೆಕ್ಕನ್ನು ಗದರಿ ಏನು ಸಾಧಿಸಿದೆನೋ ಇಲ್ಲಿ ಗದರಿದ್ದರೂ ಅಷ್ಟೇ ಸಾಧಿಸುತ್ತಿದ್ದೆ.

ಪಶುವೈದ್ಯರಿಗೆ ಫೋನು ಮಾಡಿದೆ. ಅವರು ಗಾಬರಿಯಾಗಲಿಲ್ಲ, ಒಂದೊಂದಾಗಿ ಕೇಳುತ್ತಾ ಹೋದರು. ನೀರು ಕುಡಿದಿದೆಯೇ? ಕುಡಿದಿದೆ. ಮರಳಿನ ಟ್ರೇಯಲ್ಲಿ ಮೂತ್ರ ಮಾಡಿದೆಯೇ? ಮಾಡಿದೆ. ವಾಂತಿ? ಇಲ್ಲ. ಎಲ್ಲಿ ಕೂತಿರುತ್ತದೆ? ಹುಡುಗನನ್ನು ಕೇಳಿ ಹೇಳಿದೆ: ಮಗಳ ಕೋಣೆಯ ಬಾಗಿಲ ಎದುರು.

“ಬಾಗಿಲು ಮುಚ್ಚಿದೆಯೇ?” ಎಂದರು ವೈದ್ಯರು.

ಮುಚ್ಚಿತ್ತು. ಮುಚ್ಚಿದವನು ನಾನೇ. ಗಾಳಿಮಳೆಗೆ ಕಿಟಕಿಯಿಂದ ಎರಚಲು ಬರುತ್ತದೆ, ಪುಸ್ತಕಗಳು ಒದ್ದೆಯಾಗುತ್ತವೆ ಎಂದು ಹೊರಡುವ ಮುನ್ನ ಚಿಲಕ ಹಾಕಿದ್ದೆ. ಅಷ್ಟೇ ಅಲ್ಲ. ಊರಿಗೆ ಹೋಗುವ ಮುಂಚೆ ಮನೆ ಚೊಕ್ಕಟವಿರಬೇಕೆಂದು ನನ್ನ ಹೆಂಡತಿ ಮಗಳ ಹಾಸಿಗೆಯ ಹೊದಿಕೆ, ಚಾದರ, ದಿಂಬಿನ ಚೀಲ ಎಲ್ಲವನ್ನೂ ಒಗೆದು ಮಡಚಿಟ್ಟಿದ್ದಳು. ಹದಿನೈದು ದಿನದ ನಮ್ಮ ಸಿದ್ಧತೆಯಲ್ಲಿ ಊಟ, ನೀರು, ಹುಡುಗ, ಚೀಲ ಎಲ್ಲವೂ ಇತ್ತು. ಚುಕ್ಕಿ ಮಲಗುವ ಜಾಗವನ್ನೂ ಅದು ನಂಬಿದ ವಾಸನೆಯನ್ನೂ ಕೊನೆಯ ದಿನ ನಾವೇ ಕಸಿದುಕೊಂಡಿದ್ದೆವು.

“ಕೋಣೆ ತೆರೆಸಿ. ಹುಡುಗಿ ತೊಟ್ಟ, ಒಗೆಯದ ಬಟ್ಟೆ ಯಾವುದಾದರೂ ಇದ್ದರೆ ಹಾಸಿಗೆ ಮೇಲೆ ಹಾಕಿಸಿ. ಮೀನನ್ನು ಉಗುರುಬೆಚ್ಚಗೆ ಮಾಡಿ ಅಲ್ಲೇ ಇಡಲಿ, ಬಿಸಿಯಾದರೆ ವಾಸನೆ ಏಳುತ್ತದೆ. ಬಲವಂತ ಬೇಡ. ನಾಳೆ ಬೆಳಿಗ್ಗೆಯೊಳಗೆ ತಿನ್ನದಿದ್ದರೆ ಬುಟ್ಟಿಯಲ್ಲಿ ಹಾಕಿ ನನ್ನ ಹತ್ತಿರ ಕಳಿಸಿ, ಮತ್ತೆ ಕಾಯುವುದು ಬೇಡ” ಎಂದರು.

ಒಗೆಯದ ಬಟ್ಟೆ ಎಲ್ಲಿದೆ? ಹೆಂಡತಿ ತಲೆಯಾಡಿಸಿದಳು, ಒಂದೂ ಉಳಿದಿರಲಿಲ್ಲ. ಮಗಳು ಕಣ್ಣೊರೆಸಿಕೊಂಡು, “ಓದೋ ಮೇಜಿನ ಕೆಳಗಿನ ಡ್ರಾಯರಿನಲ್ಲಿ ನನ್ನ ಹಳೇ ಸ್ವೆಟರ್ ಇದೆ” ಎಂದಳು. ಪಿಯುಸಿ ಪರೀಕ್ಷೆಗೆ ರಾತ್ರಿ ಓದುವಾಗ ತೊಡುತ್ತಿದ್ದ ಸ್ವೆಟರು. ಅವಳ ಮಡಿಲಲ್ಲಿ ಚುಕ್ಕಿ ಅದರ ಅಂಚಿನಲ್ಲೇ ಮುಖ ಹುದುಗಿಸಿ ಮಲಗುತ್ತಿತ್ತು. ಶಾಲೆಗೆ ಹೊರಟಿದ್ದ ಹುಡುಗ ಮತ್ತೆ ಬೀಗ ತೆಗೆದು ಒಳಗೆ ಹೋದ. ಫೋನಿನಲ್ಲಿ ಚಿಲಕ ಸರಿದ ಸದ್ದು ನಮಗೂ ಕೇಳಿಸಿತು.

ಹತ್ತು ಗಂಟೆಗೆ ನಾವು ಕಾಲೇಜಿನಲ್ಲಿದ್ದೆವು. ಹಾಸ್ಟೆಲಿನ ಮೇಲ್ವಿಚಾರಕಿ ಮಗಳ ಕೆಂಪು ಕಣ್ಣು ನೋಡಿ, “ಚಿಂತಿ ಮಾಡಬ್ಯಾಡವಾ. ಮೊದಲನೇ ವಾರ ಎಲ್ಲಾರೂ ಅಳತಾರ, ಎರಡನೇ ವಾರ ಯಾರಿಗೂ ಮನಿ ನೆನಪ ಇರಂಗಿಲ್ಲ” ಎಂದು ನಗಿಸಿದರು. ಸಂಜೆ ಏಳೂವರೆಗೆ ಹುಡುಗನ ಸಂದೇಶ ಬಂತು. “ಅರ್ಧ ತಿಂದಿದೆ. ಸ್ವೆಟರ್ ಮೇಲೆ ಮಲಗಿದೆ.” ಕೆಳಗೊಂದು ಫೋಟೋ. ಆ ರಾತ್ರಿ ಖಾನಾವಳಿಯಲ್ಲಿ ಮೂವರೂ ಹೊಟ್ಟೆ ತುಂಬ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡೆವು.

ಮಂಗಳವಾರ ಬೆಳಿಗ್ಗೆ ಸಾಧನಕೇರಿಗೆ ಹೋದೆವು. ಬೇಂದ್ರೆಯವರು ಬಾಳಿದ ಮನೆ, ಎದುರಿಗೆ ಕೆರೆ, ತುಂತುರು ಮಳೆ. ಧಾರವಾಡವೆಂದರೆ ಬೇಂದ್ರೆ ಎನ್ನುತ್ತೇವೆ. ಆದರೆ 1944ರಿಂದ 1956ರವರೆಗೆ ಅವರು ಸೊಲ್ಲಾಪುರದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. “ಇಷ್ಟು ಇಷ್ಟಪಟ್ಟ ಊರು ಬಿಟ್ಟು ಹನ್ನೆರಡು ವರ್ಷ ಇದ್ದರಾ?” ಎಂದು ಮಗಳು ಕೇಳಿದಳು. “ಇದ್ದರು. ಆಮೇಲೆ ಮನೆಗೆ ಬಂದರು” ಎಂದೆ. ಅವಳು ಕೆರೆಯ ಕಡೆ ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. ಹಾಸ್ಟೆಲಿನ ಗೇಟಿನಲ್ಲಿ ಬೀಳ್ಕೊಡುವಾಗ ಈ ಸಲ ಯಾರೂ ದೊಡ್ಡ ವಿದಾಯ ಹೇಳಲಿಲ್ಲ. ಪೇಡೆಯ ಪೊಟ್ಟಣ ಹಿಡಿದು ನಾವಿಬ್ಬರೂ ಬಸ್ಸು ಹತ್ತಿದೆವು.

ರಾತ್ರಿ ಮನೆ ತಲುಪಿದಾಗ ಮೇಜಿನ ಮೇಲೆ ಒಂದು ನೋಟುಪುಸ್ತಕವಿತ್ತು. ಹುಡುಗ ಹೊತ್ತು ಹೊತ್ತಿಗೂ ಬರೆದಿಟ್ಟಿದ್ದ. “ಭಾನುವಾರ ಸಂಜೆ 6. ತಿಂದಿಲ್ಲ. ಟ್ರೇ ಸ್ವಚ್ಛ ಮಾಡಿದೆ. ನಾನು ನೆಲದ ಮೇಲೆ ಕೂತು ಇತಿಹಾಸ ಗಟ್ಟಿಯಾಗಿ ಓದಿದೆ. ಮಂಚದ ಕೆಳಗಿನಿಂದ ನೋಡಿತು.” “ಸೋಮವಾರ ಸಂಜೆ 6. ಸ್ವೆಟರ್ ಮೇಲಿದೆ. ಮೀನು ಬೆಚ್ಚಗೆ ಮಾಡಿಟ್ಟೆ. ವಿಜ್ಞಾನ ಓದಿದೆ. ಒಂದು ಪಾಠ ಮುಗಿಯುವಾಗ ತಿನ್ನಲು ಬಂತು.” “ಮಂಗಳವಾರ ಬೆಳಿಗ್ಗೆ 7. ಪೂರ್ತಿ ತಿಂದಿದೆ. ನನ್ನ ಕಾಲಿಗೆ ಕೆನ್ನೆ ಉಜ್ಜಿತು.” ಯಾರಾದರೂ ನನ್ನನ್ನು ಕೇಳಿದರೆ, ಬೆಕ್ಕನ್ನು ಬಿಟ್ಟು ಹೊರಡುವವರು ಮೊದಲು ಹುಡುಕಬೇಕಾದದ್ದು ಇಂಥ ಒಬ್ಬ ಹುಡುಗನನ್ನು ಎನ್ನುತ್ತೇನೆ. ಊಟ ಇಟ್ಟು ಓಡುವವರಲ್ಲ, ಅರ್ಧ ಗಂಟೆ ಕೂತು ಹೋಗುವವರು ಬೇಕು. ತಿಂದದ್ದೆಷ್ಟು, ಟ್ರೇಯಲ್ಲಿ ಮೂತ್ರವಿದೆಯೇ ಎಂದು ನೋಡುವವರು ಬೇಕು. ಗಂಡು ಬೆಕ್ಕಾದರೆ ಈ ಎರಡನೆಯದು ಇನ್ನೂ ಮುಖ್ಯ. ತಿಣುಕಿದರೂ ಮೂತ್ರ ಬಾರದಿದ್ದರೆ ಅದು ಜೀವಕ್ಕೇ ಅಪಾಯ, ಆ ಕ್ಷಣವೇ ವೈದ್ಯರಲ್ಲಿಗೆ ಒಯ್ಯಬೇಕು.

ಬೆಕ್ಕಿಗೆ ಒಡೆಯರ ಮೇಲೆ ನಿಜವಾದ ನಂಟಿದೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ದೊಡ್ಡ ಬೆಕ್ಕುಗಳು ಸುರಕ್ಷತೆಗಾಗಿ ಒಡೆಯರನ್ನು ನೆಚ್ಚಿಕೊಂಡಂತೆ ಕಾಣುವುದಿಲ್ಲ ಎಂದು 2015ರಲ್ಲಿ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಅಧ್ಯಯನ ಹೇಳಿತು. 2019ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದ ಮರಿಗಳಲ್ಲಿ ನೂರಕ್ಕೆ ಸುಮಾರು 64 ತಮ್ಮನ್ನು ಸಾಕಿದವರೊಂದಿಗೆ ಭದ್ರವಾದ ನಂಟು ತೋರಿದವು. 2020ರಲ್ಲಿ ಪ್ರಕಟವಾದ ಬ್ರೆಜಿಲಿನ ಸಮೀಕ್ಷೆಯೊಂದರಲ್ಲಿ 223 ಬೆಕ್ಕುಗಳ ಪೈಕಿ 30 ಬೆಕ್ಕುಗಳು ಅಗಲಿಕೆಯಿಂದ ತೊಂದರೆಗೊಳಗಾದ ಲಕ್ಷಣ ತೋರಿದ್ದವು. ಆಟಿಕೆಗಳಿಲ್ಲದ, ಜೊತೆಗೆ ಬೇರೆ ಪ್ರಾಣಿಯಿಲ್ಲದ ಮನೆಗಳಲ್ಲಿ ಇದು ಹೆಚ್ಚು. ಎಲ್ಲ ಬೆಕ್ಕೂ ಚುಕ್ಕಿಯಲ್ಲ, ಚುಕ್ಕಿಯಂಥವೂ ಅಪರೂಪವಲ್ಲ ಎಂದಷ್ಟೇ ನಾನು ಅರ್ಥಮಾಡಿಕೊಂಡಿದ್ದೇನೆ.

ಮಗಳಿಲ್ಲದ ಮೊದಲ ವಾರಗಳಲ್ಲಿ ನಾವು ಅವಳ ಕೋಣೆಯ ಬಾಗಿಲು ತೆರೆದೇ ಇಟ್ಟೆವು. ಸ್ವೆಟರನ್ನು ಒಗೆಯಲಿಲ್ಲ. ಅವಳು ಊಟ ಹಾಕುತ್ತಿದ್ದ ಹೊತ್ತಿಗೇ ಊಟ, ಅವಳು ದಾರಕ್ಕೆ ಕಾಗದ ಕಟ್ಟಿ ಆಡಿಸುತ್ತಿದ್ದ ಹೊತ್ತಿಗೇ ಆಟ. ಆಡಿಸುವ ಕೆಲಸ ನನ್ನ ಪಾಲಿಗೆ ಬಂತು. ಐವತ್ತು ದಾಟಿದ ಮಾಸ್ತರು ದಾರ ಹಿಡಿದು ಜಗಲಿಯಲ್ಲಿ ಓಡುವುದನ್ನು ಎದುರುಮನೆಯ ಅಜ್ಜಿ ನೋಡಿ ನಕ್ಕದ್ದೂ ಆಯಿತು. ಮಗಳು ರಾತ್ರಿ ಫೋನು ಮಾಡಿ “ಚುಕ್ಕೀ” ಎಂದು ಕರೆದರೆ ಅದರ ಕಿವಿ ಫೋನಿನತ್ತ ತಿರುಗುತ್ತದೆ, ಬಾಯಿಂದ ಮಾತ್ರ ಸದ್ದಿಲ್ಲ. ಬೆಕ್ಕುಗಳು ಒಡೆಯರ ದನಿಯನ್ನು ಅಪರಿಚಿತರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತವೆ, ಆದರೆ ಕಿವಿ, ತಲೆ ತಿರುಗಿಸಿ ಸುಮ್ಮನಾಗುತ್ತವೆ ಎಂದು 2013ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದರು. ಇದನ್ನು ಓದಿ ಹೇಳಿದಾಗ ಮಗಳಿಗೆ ಬಹಳ ಸಮಾಧಾನ. “ಕೇಳಿಸ್ಕೊಳ್ತಿದೆ ಅಂದ್ರೆ ಸಾಕು ಬಿಡಿ” ಎಂದಳು.

ಇನ್ನೊಂದು ವಿಷಯ ನಮಗೆ ತಡವಾಗಿ ತಿಳಿಯಿತು. ಒಗೆದು ಮಡಚಿಟ್ಟ ದಿಂಬಿನ ಚೀಲಗಳನ್ನೇ ಹಾಸ್ಟೆಲಿಗೆ ಒಯ್ಯಲು ಕೊಟ್ಟಿದ್ದೆವು. ಎರಡನೆಯ ವಾರ ಮಗಳು ಅಮ್ಮನಿಗೆ ಫೋನು ಮಾಡಿ, “ಅಮ್ಮಾ, ನಿನ್ನದೊಂದು ಹಳೇ ಸೀರೆ ಕಳಿಸು, ಹೊದೆಯೋಕೆ. ಒಗೀಬೇಡ” ಎಂದಳಂತೆ. ಹೆಂಡತಿ ಒಂದು ಮಾತೂ ಆಡದೆ ನೂಲಿನ ಸೀರೆಯೊಂದನ್ನು ಪೊಟ್ಟಣ ಕಟ್ಟಿದಳು. ಅಂಚೆ ಕಚೇರಿಗೆ ಒಯ್ದು ಕೊಟ್ಟವನು ನಾನು.

ದಸರಾ ರಜೆಗೆ ಮಗಳು ಬಂದಳು. ಬಾಗಿಲಲ್ಲೇ ಚೀಲ ಕೆಡವಿ ಕೂಗಿದರೆ ಚುಕ್ಕಿ ಓಡಿ ಬರಲಿಲ್ಲ. ದೂರ ನಿಂತು ನೋಡಿತು. ಅವಳ ಮೈಮೇಲೆ ಹಾಸ್ಟೆಲಿನ, ಬಸ್ಸಿನ, ಹೊಸ ಸಾಬೂನಿನ ವಾಸನೆ. ಅವಳ ಮುಖ ಬಾಡಿತು. “ಹಿಡಿಯೋಕೆ ಹೋಗಬೇಡ ಅಕ್ಕಾ, ನೆಲದ ಮೇಲೆ ಸುಮ್ಮನೆ ಕೂತುಕೋ” ಎಂದ ಎದುರುಮನೆಯ ಹುಡುಗ. ಅವಳು ಕೂತಳು. ಚುಕ್ಕಿ ಬಂದು ಮೊದಲು ಚೀಲ ಮೂಸಿತು, ಆಮೇಲೆ ಚಪ್ಪಲಿ, ಆಮೇಲೆ ಅಂಗೈ. ಹತ್ತು ನಿಮಿಷ ಕಳೆದ ಮೇಲೆ ಅವಳ ಮೊಣಕಾಲಿಗೆ ಕೆನ್ನೆ ಉಜ್ಜಿತು. ಆ ರಜೆಯಲ್ಲಿ ಅವಳ ಖಾಲಿ ಚೀಲ ಜಗಲಿಯಲ್ಲೇ ಬಾಯಿ ತೆರೆದು ಬಿದ್ದಿತ್ತು. ಹಗಲೆಲ್ಲ ಚುಕ್ಕಿ ಅದರೊಳಗೆ ಮಲಗುತ್ತಿತ್ತು.